ಬಾನೆಟ್ ಎತ್ತಿದ ಭಾನುವಾರ

ಕಡೂರಿನ ಬಯಲಲ್ಲಿ ಬೇಸಿಗೆಯಿಡೀ ಓಡಾಡಿದ ಕಾರಿನ ಏರ್ ಫಿಲ್ಟರ್ ಬಿಚ್ಚಿ ಮೆಲ್ಲಗೆ ನೆಲಕ್ಕೆ ಕುಟ್ಟಿದರೆ ಕೆಂಪು ಧೂಳು ಉದುರುತ್ತದೆ. ತರೀಕೆರೆಯ ತೋಟದ ಮನೆಯ ಕಾರಿನಲ್ಲಿ ಅದೇ ಫಿಲ್ಟರಿನ ಡಬ್ಬಿ ತೆರೆದರೆ ಅಡಿಕೆ ಸಿಪ್ಪೆ, ಬಟ್ಟೆಯ ಚೂರು, ಒಮ್ಮೊಮ್ಮೆ ಇಲಿಯ ಗೂಡೇ ಸಿಗುತ್ತದೆ. ಅಜ್ಜಂಪುರದ ಕಡೆ ಮಳೆಗಾಲದಲ್ಲಿ ಎರೆ ಹೊಲದ ದಾರಿ ಹಾದು ಬಂದ ಗಾಡಿಯ ಮಡ್‌ಗಾರ್ಡಿನೊಳಗೆ ಕಪ್ಪು ಮಣ್ಣು ಒಣಗಿ, ಕೆರೆಯದೆ ಬಿಡದಷ್ಟು ಗಟ್ಟಿಯಾಗಿ ಕೂತಿರುತ್ತದೆ. ಮೂರು ಊರುಗಳ ನಡುವೆ ದೂರವೇನೂ ಹೆಚ್ಚಿಲ್ಲ. ಕಡೂರಿನಿಂದ ಬೀರೂರು ದಾಟಿ ತರೀಕೆರೆಗೆ 30 ಚಿಲ್ಲರೆ ಕಿಲೋಮೀಟರ್. ಬೀರೂರಿನಲ್ಲಿ ಹೆದ್ದಾರಿ ಬಿಟ್ಟು ತಿರುಗಿದರೆ ಅಜ್ಜಂಪುರ. ಆದರೂ ಒಂದೇ ಕಂಪನಿಯ, ಒಂದೇ ವರ್ಷದ ಮೂರು ಕಾರುಗಳಿಗೆ ಇಲ್ಲಿ ಬರುವ ಕಾಯಿಲೆಗಳು ಬೇರೆ ಬೇರೆ.

ಕಾರಿನ ಜೊತೆ ಬರುವ ಕೈಪಿಡಿ ದೇಶಕ್ಕೆಲ್ಲ ಒಂದೇ. ಫಿಲ್ಟರನ್ನು ಇಷ್ಟು ಸಾವಿರ ಕಿಲೋಮೀಟರಿಗೆ ಬದಲಾಯಿಸಿ ಎಂದು ಬರೆದು, ಧೂಳಿನ ರಸ್ತೆಯಾದರೆ ಇನ್ನೂ ಬೇಗ ಎಂದು ಕೆಳಗೊಂದು ಸಾಲು ಸೇರಿಸಿ ಅದು ಸುಮ್ಮನಾಗುತ್ತದೆ. ಎಷ್ಟು ಬೇಗ ಎನ್ನುವುದು ಆ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಮಾತ್ರ ಗೊತ್ತು. ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಹೆಸರು ಬರುವ ಕಡೂರಿನಲ್ಲಿ, ತೆಂಗಿನ ತೋಟಕ್ಕೆ ಮಣ್ಣುದಾರಿಯಲ್ಲಿ ಹೋಗಿಬರುವ ಕಾರಿನ ಫಿಲ್ಟರನ್ನು ಆಗಾಗ ಊದದಿದ್ದರೆ ಎಂಜಿನ್ನಿಗೆ ಉಸಿರು ಸಾಲದು, ಪಿಕಪ್ ಬೀಳುತ್ತದೆ. ಊದುವುದಕ್ಕೂ ಒಂದು ಕ್ರಮವಿದೆ. ಧೂಳು ಕೂತ ಮುಖಕ್ಕೆ ಗಾಳಿ ಬಿಟ್ಟರೆ ಅದು ಕಾಗದದ ಮಡಿಕೆಯೊಳಕ್ಕೆ ಇನ್ನಷ್ಟು ನುಗ್ಗುತ್ತದೆ. ಹಿಂಬದಿಯಿಂದ ಊದಿದರೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಇಂಥ ಸಣ್ಣ ಸಣ್ಣ ತಿಳಿವಳಿಕೆಯೇ ಮನೆಯಲ್ಲಿ ಕಾರು ನೋಡಿಕೊಳ್ಳುವವರ ದೊಡ್ಡ ಸುಖ.

ಆ ಸುಖದ ದಿನ ಭಾನುವಾರ. ತಿಂಡಿ ಮುಗಿಸಿ, ಹಳೆಯ ಪಂಚೆಯನ್ನೋ ಬಣ್ಣ ಹೋದ ಪ್ಯಾಂಟನ್ನೋ ಸಿಕ್ಕಿಸಿಕೊಂಡು, ಅಂಗಳದಲ್ಲಿ ಗೋಣಿಚೀಲ ಹಾಸಿ, ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸುತ್ತಾರೆ. 10, 12, 14, 17ರ ಸ್ಪ್ಯಾನರುಗಳು, ಕಟಿಂಗ್ ಪ್ಲೇಯರ್, ಒಂದಿಷ್ಟು ಬನಿಯನ್ ವೇಸ್ಟ್ ಹತ್ತಿರ ಬರುತ್ತವೆ. ಬಿಚ್ಚಿದ ನಟ್ಟು ಬೋಲ್ಟು ಉರುಳಿಹೋಗದಂತೆ ಹಾಕಿಡಲು ಅಡುಗೆಮನೆಯಿಂದ ಕೇಳಿ ತಂದ ಹಳೇ ತಟ್ಟೆ. ಟಾರ್ಚ್ ಹಿಡಿಯಲು ಮನೆಯ ಮಕ್ಕಳಲ್ಲಿ ಒಬ್ಬರು ಬೇಕೇ ಬೇಕು. “ಇಲ್ಲಿಗೆ ಬಿಡು ಮಗಾ ಬೆಳಕು, ನನ್ನ ಮುಖಕ್ಕಲ್ಲ” ಎಂಬ ಮಾತು ಕೇಳದ ಕಾರಿನ ಮನೆ ಈ ಸೀಮೆಯಲ್ಲಿ ಇರಲಾರದು. ಹಾಗೆ ಬೆಳಕು ಹಿಡಿದವರೇ ಹತ್ತು ವರ್ಷ ಬಿಟ್ಟು ಸ್ಪ್ಯಾನರ್ ಹಿಡಿಯುತ್ತಾರೆ.

ಈ ಹವ್ಯಾಸವನ್ನು ಸಣ್ಣ ಊರುಗಳಿಗೆ ತಂದ ಗಾಡಿ ಯಾವುದು ಎಂದರೆ ಮಾರುತಿ 800 ಎನ್ನಬೇಕು. 1983ರ ಡಿಸೆಂಬರ್ 14ರಂದು ಮೊದಲ ಕಾರಿನ ಕೀಲಿ ಕೈ ಬದಲಾಯಿತು. 2014ರಲ್ಲಿ ತಯಾರಿಕೆ ನಿಂತಿತು. ನಡುವಿನ ಮೂರು ದಶಕಗಳಲ್ಲಿ ಮೇಷ್ಟ್ರು, ಡಾಕ್ಟರು, ಮಂಡಿ ವರ್ತಕರು, ಅಡಿಕೆ ಬೆಳೆಗಾರರು ಎಲ್ಲರೂ ಅದನ್ನು ಕೊಂಡರು, ಮಾರಿದರು, ಮತ್ತೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರು. 796 ಸಿಸಿ, ಮೂರು ಸಿಲಿಂಡರ್. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ನಮ್ಮ ದೇಶದ ರಸ್ತೆಗಳಿಗೆ ಬಂದಿಲ್ಲ.

ಅದರಲ್ಲೂ ಪ್ಲಗ್ ಬಿಚ್ಚಿ ನೋಡುವ ಕೆಲಸದ ಸೊಗಸೇ ಬೇರೆ. ಮೊದಲು ಸೈಕಲ್ ಪಂಪಿನಿಂದ ಪ್ಲಗ್ಗಿನ ಬುಡದ ಧೂಳು ಊದಬೇಕು. ಇಲ್ಲದಿದ್ದರೆ ಬಿಚ್ಚಿದ ತಕ್ಷಣ ಮಣ್ಣು ಸೀದಾ ಸಿಲಿಂಡರಿಗೆ ಬೀಳುತ್ತದೆ. ವೈರುಗಳನ್ನು ಒಟ್ಟಿಗೆ ಕಿತ್ತಿಡದೆ ಒಂದೊಂದೇ ಪ್ಲಗ್ ನೋಡಿ ಮುಗಿಸಬೇಕು. ಈ ಎಂಜಿನ್ನಿನಲ್ಲಿ ಕಿಡಿ ಹಾರುವ ಕ್ರಮ 1-3-2. ವೈರ್ ಅದಲುಬದಲಾದರೆ ಗಾಡಿ ನಡುಗಿ ನಿಂತುಬಿಡುತ್ತದೆ. ಪ್ಲಗ್ ಸ್ಪ್ಯಾನರಿಗೆ ಮೊದಲ ಹಿಡಿತ ಬಿಗಿಯಾಗಿ ಸಿಕ್ಕು, ‘ಕಟ್’ ಎಂದು ಸಡಿಲವಾಗಿ, ಆಮೇಲೆ ಬೆರಳಿನಲ್ಲೇ ತಿರುಗಿ ಹೊರಬರುತ್ತದೆ. ಬಿಸಿಲಿಗೆ ಹಿಡಿದು ಅದರ ತುದಿಯ ಪಿಂಗಾಣಿ ನೋಡಬೇಕು. ಹಾಲು ಹೆಚ್ಚಿದ ಕಾಫಿಯ ಬಣ್ಣವಿದ್ದರೆ ಒಳಗೆ ಎಲ್ಲ ಸುಖವಾಗಿದೆ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಆಗ ಕಣ್ಣು ಮತ್ತೆ ಏರ್ ಫಿಲ್ಟರಿನ ಕಡೆ ಹೋಗುತ್ತದೆ. ಜಿಡ್ಡುಜಿಡ್ಡಾಗಿದ್ದರೆ ಎಲ್ಲೋ ಆಯಿಲ್ ಮೇಲೇರುತ್ತಿದೆ. ಬೆಳ್ಳಗೆ ಸುಟ್ಟು ಬೊಬ್ಬೆ ಬಂದಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ. ಹಿತ್ತಾಳೆ ಬ್ರಷ್ಷಿನಲ್ಲಿ ತಿಕ್ಕಿ, ಕಿಡಿ ಹಾರುವ ಸಂದನ್ನು ಫೀಲರ್ ಗೇಜಿನಲ್ಲಿ ಅಳೆದು, ಕಾರ್ಬುರೇಟರ್ ಕಾಲದ ಗಾಡಿಯಾದರೆ ಮಿಲಿಮೀಟರಿನ ಮುಕ್ಕಾಲು ಪಾಲಿನಷ್ಟು ಅಂತರಕ್ಕೆ ತಂದು, ಮತ್ತೆ ಕೂರಿಸುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ಹಾಕಬೇಕು. ಥ್ರೆಡ್ಡು ಓರೆಯಾಗಿ ಕಚ್ಚಿದರೆ ಬೆರಳಿಗೆ ಗೊತ್ತಾಗುತ್ತದೆ, ಸ್ಪ್ಯಾನರಿಗೆ ಗೊತ್ತಾಗುವುದಿಲ್ಲ. ಒಂದು ಕಾಲಕ್ಕೆ ಈ ಕಡೆ ಪ್ಲಗ್ ಎಂದರೆ ಮೈಕೋ. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ, ಈಗ ಬಾಷ್ ಎಂಬ ಹೆಸರಿನ ಆ ಕಂಪನಿಯ ಪ್ಲಗ್ಗುಗಳು ಕಾರಿಗೂ ಮೋಟಾರ್ ಸೈಕಲ್ಲಿಗೂ ಬರುತ್ತಿದ್ದವು.

ತರೀಕೆರೆಯವರ ಗಮನ ಹೆಚ್ಚು ಬೇಡುವುದು ತೇವ ಮತ್ತು ಇಲಿ. ಮಲೆನಾಡಿನ ಅಂಚು, ಸುತ್ತ ಅಡಿಕೆ ತೋಟ, ಹತ್ತಿರದಲ್ಲೇ ಭದ್ರೆಯ ಹಿನ್ನೀರು. ಮಳೆಗಾಲ ಕಳೆಯುವಷ್ಟರಲ್ಲಿ ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ-ಹಸಿರು ಬೂಸಲು ಬೆಳೆದಿರುತ್ತದೆ, ಬೆಳಿಗ್ಗೆ ಸೆಲ್ಫ್ ಹೊಡೆದರೆ ‘ಟಿಕ್’ ಎಂದು ಸುಮ್ಮನಾಗುತ್ತದೆ. ಎಷ್ಟೋ ಸಲ ಬ್ಯಾಟರಿ ಸತ್ತಿರುವುದಿಲ್ಲ, ಸಂಪರ್ಕ ಕೆಟ್ಟಿರುತ್ತದೆ ಅಷ್ಟೆ. 10ರ ಸ್ಪ್ಯಾನರಿನಲ್ಲಿ ಮೊದಲು ನೆಗೆಟಿವ್ ಬಿಚ್ಚಬೇಕು. ಪಾಸಿಟಿವ್‌ಗೆ ಮೊದಲು ಕೈ ಹಾಕಿ ಸ್ಪ್ಯಾನರಿನ ಬಾಲ ಬಾಡಿಗೆ ತಗುಲಿದರೆ ಕಿಡಿ ಹಾರಿ ಸ್ಪ್ಯಾನರೇ ಅಂಟಿಕೊಳ್ಳಬಹುದು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಮುಂದಿನ ಮಳೆಗಾಲದವರೆಗೂ ತೊಂದರೆಯಿಲ್ಲ. ಮನೆಯಲ್ಲಿ ಒಂದು ಮಲ್ಟಿಮೀಟರ್ ಇದ್ದರೆ ಊಹಿಸುವ ಕಷ್ಟವೂ ತಪ್ಪುತ್ತದೆ: ನಿಂತ ಗಾಡಿಯ ತುಂಬು ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಓಡುವಾಗಲೂ 12ರಲ್ಲೇ ನಿಂತಿದ್ದರೆ ಹೊಸ ಬ್ಯಾಟರಿ ತಂದು ಪ್ರಯೋಜನವಿಲ್ಲ, ನೋಡಬೇಕಾದದ್ದು ಆಲ್ಟರ್ನೇಟರನ್ನೂ ಬೆಲ್ಟನ್ನೂ.

ಇಲಿಗಳದು ಬೇರೆಯೇ ರಾಮಾಯಣ. ಅಡಿಕೆ ಸುಲಿಯುವ ಕಾಲದಲ್ಲಿ ಅಂಗಳವನ್ನು ಅಡಿಕೆಗೆ ಬಿಟ್ಟುಕೊಟ್ಟು ಕಾರು ಕೊಟ್ಟಿಗೆ ಪಕ್ಕಕ್ಕೆ ಹೋಗುತ್ತದೆ. ಎಂಜಿನ್ನಿನ ಬಿಸಿಗೆ ಇಲಿಗಳು ಬರುತ್ತವೆ, ಬಂದವು ವೈರ್ ಕಡಿಯುತ್ತವೆ. ಹೊಗೆಸೊಪ್ಪಿನ ಗಂಟು ಕಟ್ಟಿ ಬಾನೆಟ್ ಒಳಗೆ ತೂಗುಹಾಕುವುದು, ನುಸಿಗುಳಿಗೆ ಇಡುವುದು ಇಲ್ಲಿಯ ರೂಢಿ. ಇವೆಲ್ಲಕ್ಕಿಂತ ಫಲ ಕೊಡುವುದು ದಿನಕ್ಕೊಮ್ಮೆ ಬಾನೆಟ್ ಎತ್ತುವ ಅಭ್ಯಾಸ. ಗಾಳಿ ಬೆಳಕು ಆಡುವ, ಮನುಷ್ಯರ ಕೈ ಆಡುವ ಜಾಗದಲ್ಲಿ ಇಲಿ ಸಂಸಾರ ಹೂಡುವುದು ಕಡಿಮೆ.

ಮನೆಯಲ್ಲಿ ಮಾಡುವ ಕೆಲಸಗಳಲ್ಲಿ ದೊಡ್ಡ ಹಬ್ಬ ಆಯಿಲ್ ಚೇಂಜ್. ನಾಲ್ಕೈದು ನಿಮಿಷ ಎಂಜಿನ್ ಓಡಿಸಿದರೆ ಆಯಿಲ್ ತೆಳ್ಳಗಾಗಿ ಕಸವನ್ನೂ ಎಳೆದುಕೊಂಡು ಇಳಿಯುತ್ತದೆ. 17ರ ರಿಂಗ್ ಸ್ಪ್ಯಾನರ್, ಅಗಲ ಬಾಂಡಲಿ, ಡ್ರೈನ್ ಬೋಲ್ಟಿಗೆ ಹೊಸ ವಾಷರ್. ಫಿಲ್ಟರಿನ ರಬ್ಬರ್ ಬಳೆಗೆ ಹೊಸ ಆಯಿಲನ್ನು ಬೆರಳಿನಲ್ಲಿ ಸವರಿ, ಬಳೆ ತಗುಲಿದ ಮೇಲೆ ಮುಕ್ಕಾಲು ಸುತ್ತು, ಅದೂ ಕೈಯಿಂದಲೇ. ಇಳಿಸಿದ ಆಯಿಲನ್ನು ಕೆಲವರು ಬೇಲಿ ಗೂಟಕ್ಕೆ ಗೆದ್ದಲು ಹಿಡಿಯದಿರಲೆಂದು ಬಳಿಯುತ್ತಾರೆ, ಕೆಲವರು ಚರಂಡಿಗೆ ಸುರಿಯುತ್ತಾರೆ. ಎರಡೂ ತಪ್ಪು. ಸವೆದ ಲೋಹದ ಪುಡಿ, ಸುಟ್ಟ ರಾಸಾಯನಿಕ ಎಲ್ಲ ಅದರಲ್ಲಿದೆ. ತರೀಕೆರೆಯ ತೋಟದ ಬಸಿಗಾಲುವೆಗೆ ಬಿಟ್ಟರೆ ಅದು ನೆಟ್ಟಗೆ ಅಡಿಕೆಯ ಬೇರಿಗೂ ಪಕ್ಕದವರ ಬಾವಿಗೂ ಹೋಗುತ್ತದೆ. ಕಾನೂನೂ ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ಕರೆದಿದೆ. ಕ್ಯಾನಿನಲ್ಲಿ ತುಂಬಿಟ್ಟು, ಹಳೇ ಆಯಿಲ್ ಒಟ್ಟುಮಾಡಿ ಮರುಬಳಕೆಗೆ ಕಳಿಸುವ ಸರ್ವೀಸ್ ಸ್ಟೇಷನ್ನಿಗೆ ಕೊಟ್ಟರೆ ಕೆಲಸ ಸರಿಯಾಗಿ ಮುಗಿದಂತೆ.

ಗಾಡಿಯ ಕೆಳಗೆ ಹೋಗುವಾಗ ಬರೀ ಜಾಕಿ ನಂಬಬಾರದು. ಸಮತಟ್ಟು ನೆಲ, ಚಕ್ರಕ್ಕೆ ಅಡ್ಡಗಲ್ಲು, ಚಾಸಿಗೆ ಗಟ್ಟಿ ಸ್ಟ್ಯಾಂಡ್. ಇಷ್ಟಿಲ್ಲದೆ ಯಾರೂ ಕೆಳಗೆ ತಲೆ ಹಾಕಕೂಡದು.

ಮನೆಯ ಕೈಗೂ ಒಂದು ಎಲ್ಲೆ ಇದೆ. ಅದು ಎಲ್ಲಿ ಎಂದು ಕಲಿಸುವ ದಾರಿ ಈ ಸೀಮೆಯಲ್ಲೇ ಇದೆ: ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಏರುವ ಘಾಟಿ. ಮೇಲಿನ ಗಿರಿಧಾಮ ಇರುವುದು 1434 ಮೀಟರ್ ಎತ್ತರದಲ್ಲಿ. ಹತ್ತುವಾಗ ರೇಡಿಯೇಟರಿನ ಪರೀಕ್ಷೆ, ಇಳಿಯುವಾಗ ಬ್ರೇಕಿನದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದು, ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಅದು ಕುದ್ದು ಗುಳ್ಳೆಯೆದ್ದು ಪೆಡಲ್ ಮೆತ್ತಗಾಗುತ್ತದೆ. ಏರಿದ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಡ್ರೈವರುಗಳು ಹೇಳುವುದು ಇದಕ್ಕೇ. ಡಬ್ಬಿಯಲ್ಲಿ ಆಯಿಲ್ ಮಟ್ಟ ನೋಡುವುದು, ಎರಡು ವರ್ಷವಾಯಿತೆಂದು ನೆನಪಿಡುವುದು ಮನೆಯ ಕೆಲಸ. ಬ್ರೇಕಿನ ಪೈಪು, ಸ್ಟೀರಿಂಗ್, ಏರ್‌ಬ್ಯಾಗ್ ಬಿಚ್ಚುವುದು ಗ್ಯಾರೇಜಿನ ಕೆಲಸ. ಒಳ್ಳೆಯ ಹವ್ಯಾಸಿಗೆ ಊರಿನ ಮೆಕ್ಯಾನಿಕ್ ಜೊತೆ ಜಗಳವಿರುವುದಿಲ್ಲ, ಸ್ನೇಹವಿರುತ್ತದೆ. “ಮೇಷ್ಟ್ರೇ, ಅಷ್ಟು ನೀವು ಬಿಚ್ಚಿಟ್ಟಿರಿ, ಸಂಜೆ ಬಂದು ಮಿಕ್ಕಿದ್ದು ನೋಡ್ತೀನಿ” ಎನ್ನುವ ಮೆಕ್ಯಾನಿಕ್ ಸಿಕ್ಕವರು ಪುಣ್ಯವಂತರು.

ಕಾರಿನ ಚರಿತ್ರೆ ಶುರುವಾಗುವುದೂ ದಾರಿಬದಿಯ ರಿಪೇರಿಯಿಂದಲೇ. 1888ರ ಆಗಸ್ಟಿನಲ್ಲಿ ಬೆರ್ಥಾ ಬೆಂಜ್ ಎಂಬ ಜರ್ಮನ್ ಮಹಿಳೆ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಅವನೇ ಕಟ್ಟಿದ ಮೂರು ಗಾಲಿಯ ಮೋಟಾರಿನಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು, ಬ್ರೇಕ್ ಸವೆದಾಗ ಚಮ್ಮಾರನ ಹತ್ತಿರ ತೊಗಲು ಹೊಡೆಸಿದಳು. ನಮ್ಮ ಜಿಲ್ಲೆಯಲ್ಲೇ, ಮೂಡಿಗೆರೆಯಲ್ಲಿ, ಪೂರ್ಣಚಂದ್ರ ತೇಜಸ್ವಿ ಬರೆಯುವಷ್ಟೇ ತನ್ಮಯರಾಗಿ ತಮ್ಮ ಸ್ಕೂಟರ್ ತಾವೇ ಬಿಚ್ಚಿ ಜೋಡಿಸುತ್ತಿದ್ದರು. ಇನ್ನೂ ಹಿಂದಕ್ಕೆ ಹೋದರೆ, ಅಂತರಘಟ್ಟೆ ಜಾತ್ರೆಗೆ ಗಾಡಿ ಕಟ್ಟುವ ಮನೆಗಳು ಸಿಗುತ್ತವೆ. ಎತ್ತಿನ ಮೈ ತೊಳೆಯುವುದರ ಜೊತೆಗೆ ಅಚ್ಚಿಗೆ ಕೀಲೆಣ್ಣೆ ಹಾಕಿ, ಕಡೆಗೀಲು ಅಲ್ಲಾಡಿಸಿ ನೋಡದೆ ಅಲ್ಲಿ ಯಾರೂ ಗಾಡಿ ಹೊರಡಿಸುತ್ತಿರಲಿಲ್ಲ. ಅಮೃತಮಹಲ್ ತಳಿಯ ಕೇಂದ್ರವಿರುವ ಅಜ್ಜಂಪುರದ ಸೀಮೆಗೆ ಈ ಜಾಗ್ರತೆ ಕಾರು ಬಂದ ಮೇಲೆ ಕಲಿತದ್ದಲ್ಲ.

ಈಗಿನ ಕಾರುಗಳ ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳವೇ ಕಾಣುತ್ತದೆ, ಮನೆಯಲ್ಲಿ ಮಾಡಲು ಏನೂ ಉಳಿದಿಲ್ಲ ಎನ್ನುವವರಿದ್ದಾರೆ. ಒಪ್ಪುವಂಥ ಮಾತಲ್ಲ. ಹುಡುಗರು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಒಂದು ಪುಟ್ಟ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಮೊಬೈಲಿನಲ್ಲೇ ಎಂಜಿನ್ನಿನ ದೂರು ಓದುತ್ತಾರೆ. ಪಿ0302 ಎಂದು ಬಂದರೆ ಎರಡನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಎಂದರ್ಥ. ಪ್ಲಗ್ಗಿನದೋ, ಅದರ ತಲೆಯ ಮೇಲಿನ ಇಗ್ನಿಷನ್ ಕಾಯಿಲಿನದೋ ಎಂದು ತಿಳಿಯಲು ಸುಲಭದ ಉಪಾಯವಿದೆ: 10ರ ಸ್ಪ್ಯಾನರಿನಲ್ಲಿ ಒಂದನೇ ಮತ್ತು ಎರಡನೇ ಕಾಯಿಲ್ ಬಿಚ್ಚಿ ಅದಲುಬದಲು ಹಾಕಿ, ಕೋಡ್ ಅಳಿಸಿ, ಒಂದು ಸುತ್ತು ಓಡಿಸಿ ಬರುವುದು. ದೂರು ಪಿ0301 ಆಗಿ ಬದಲಾದರೆ ಕಾಯಿಲಿನ ಜೊತೆ ರೋಗವೂ ಜಾಗ ಬದಲಿಸಿದೆ, ಕಾಯಿಲೇ ಕೆಟ್ಟಿದೆ. ಹಾಗೆಯೇ ಪಿ0302ರಲ್ಲೇ ನಿಂತರೆ ಪ್ಲಗ್ ಬಿಚ್ಚಿ, ಬಿಸಿಲಿಗೆ ಹಿಡಿದು ನೋಡುವುದು ಇದ್ದೇ ಇದೆ.

ಕಾಯಿಲ್ ಹೋಗಿದ್ದರೆ ಮಾತ್ರ ಶಿವಮೊಗ್ಗದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫೋನು. “ಯಾವ ಮಾಡಲ್ ಅಣ್ಣಾ, ಪೆಟ್ರೋಲಾ?” ಎಂಬ ಪ್ರಶ್ನೆಗೆ ಉತ್ತರ ಕೊಟ್ಟು, ಹಳೇ ಕಾಯಿಲಿನ ಮೇಲಿನ ನಂಬರನ್ನು ಎರಡು ಸಲ ಓದಿ ಹೇಳಿ, ಮಧ್ಯಾಹ್ನದ ಬಸ್ಸಿಗೆ ಹಾಕಿ ಕಳಿಸಿ ಎಂದರಾಯಿತು. ತರೀಕೆರೆ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೈಯಿಂದ ಪೊಟ್ಟಣ ಇಸಿದುಕೊಂಡು ಬಂದರೆ, ಕತ್ತಲಾಗುವ ಮೊದಲೇ ಮೂರೂ ಸಿಲಿಂಡರ್ ಒಟ್ಟಿಗೆ ಓಡುತ್ತವೆ.