ಚಪ್ಪರಕ್ಕೆ ಯಾವ ಸೌತೆ?

ಹಿತ್ತಿಲಲ್ಲಿ ನಾಲ್ಕು ಮಾರು ಜಾಗವಿದ್ದರೆ ಒಂದು ಸೌತೆಬಳ್ಳಿ ಹಬ್ಬಿಸೋಣವೆಂಬ ಆಸೆ ಯಾವ ಗೃಹಿಣಿಗೆ ಇರೋದಿಲ್ಲ ಹೇಳಿ! ಪೇಚಾಟವೆಲ್ಲ ಬೀಜದ ಅಂಗಡಿಯಲ್ಲಿ. ಜಪಾನೀಸ್ ಲಾಂಗ್ ಗ್ರೀನ್ ಅಂತೆ, ಪಾಯಿನ್ಸೆಟ್ ಅಂತೆ, ಹೈಬ್ರಿಡ್ ಅಂತೆ. ಪೊಟ್ಟಣದ ಮೇಲಿನ ಚಿತ್ರ ಮಾತ್ರ ಎಲ್ಲದಕ್ಕೂ ಒಂದೇ ಥರ.

ನಮ್ಮ ಮನೆಯಲ್ಲೂ ಈ ವರ್ಷ ಇದೇ ಚರ್ಚೆ. ಸೊಸೆ ಹೈಬ್ರಿಡ್ ಬೀಜ ತಂದಿದ್ದಳು. "ನಲವತ್ತೈದು ದಿನಕ್ಕೇ ಕಾಯಿ ಅಂತೆ ಅತ್ತೆ, ಕಹಿಯೂ ಇರಲ್ಲವಂತೆ," ಅಂದಳು. ಒಳ್ಳೆಯದೇ. ಆದರೆ ಹೈಬ್ರಿಡ್ ಕಾಯಿಯ ಬೀಜ ಎತ್ತಿಟ್ಟು ಬಿತ್ತಿದರೆ ತಾಯಿಯಂಥ ಬಳ್ಳಿ ಬರುವುದಿಲ್ಲ. ವರ್ಷ ವರ್ಷವೂ ಅಂಗಡಿಗೇ ಹೋಗಬೇಕು.

ನನ್ನ ಹತ್ತಿರ ಇದ್ದದ್ದು ಸಾಗರದ ಕಡೆಯ ಮುಳ್ಳುಸೌತೆ, ತವರಿನದು. ಬಲಿತ ಕಾಯಿಯ ಬೀಜವನ್ನು ಅಮ್ಮ ಬೂದಿಯಲ್ಲಿ ಹೊರಳಿಸಿ, ಸಗಣಿಯಲ್ಲಿ ಕಲಸಿ ಕೊಟ್ಟಿಗೆ ಗೋಡೆಗೆ ತಟ್ಟುತ್ತಿದ್ದಳು. ಅಮ್ಮ ಹೋಗಿ ಮೂರು ಮಳೆಗಾಲವಾಯಿತು. ಆ ಹಿತ್ತಿಲಿಗೂ ಈಗ ಅಡಿಕೆ ಸಸಿ ಬಂದಿದೆ. ನನ್ನ ಡಬ್ಬಿಯಲ್ಲಿ ಉಳಿದದ್ದು 11 ಬೀಜ, ಅಷ್ಟೇ.

"ಎರಡೂ ಹಾಕಿದರಾಯ್ತಪ್ಪ," ಅಂದರು ನಮ್ಮವರು. ಗಂಡಸರಿಗೆ ಎಲ್ಲವೂ ಸುಲಭ! ಎರಡು ಬಗೆಯ ಎಳೆಸೌತೆ ಒಟ್ಟಿಗೆ ಹೂ ಬಿಟ್ಟರೆ ಜೇನುನೊಣ ಪರಾಗ ಬೆರೆಸುತ್ತದೆ. ಈ ವರ್ಷದ ಕಾಯಿಗೇನೂ ಆಗದು. ಒಳಗಿನ ಬೀಜ ಬೆರಕೆಯಾಗುತ್ತದೆ. ಸಾಂಬಾರಿನ ಮಂಗಳೂರು ಸೌತೆಯಾದರೆ ಭಯವಿಲ್ಲ. ಅದು ಹೆಸರಿಗೆ ಸೌತೆ, ಜಾತಿಯಲ್ಲಿ ಕರಬೂಜದ ಬಳಗ. ಪಕ್ಕದಲ್ಲೇ ಹಬ್ಬಿದರೂ ಇದರೊಡನೆ ಬೆರೆಯದು. ಬಲಿತ ಕಾಯಿಯನ್ನು ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದೂ ಇಲ್ಲ. ಜಾಗವಿದ್ದವರು ಧಾರಾಳವಾಗಿ ಹಾಕಿಕೊಳ್ಳಿ. ಇನ್ನು ಮೂರನೇ ಮಹಡಿಯ ಬಾಲ್ಕನಿಯವರಿಗೆ, ನೊಣವೇ ಸುಳಿಯದ ಕಡೆ, ಪರಾಗವಿಲ್ಲದೆ ಕಾಯಿ ಕಚ್ಚುವ ಬೀಜರಹಿತ ತಳಿಯೇ ಸರಿ.

ಕೊನೆಗೆ ಮಳೆಗಾಲಕ್ಕೆ ಅಮ್ಮನ ಬೀಜ, ಜನವರಿಗೆ ಸೊಸೆಯ ಪೊಟ್ಟಣ ಎಂದು ತೀರ್ಮಾನಿಸಿದೆ. ಸೊಸೆಯ ಮುಖ ಸ್ವಲ್ಪ ಸಣ್ಣಗಾಯಿತು. ಕಡುಬಿನ ಆಸೆ ತೋರಿಸಿದೆ: ಬಲಿತ ಮುಳ್ಳುಸೌತೆಯ ತುರಿ, ಅಕ್ಕಿತರಿ, ಬೆಲ್ಲ, ತೆಂಗಿನತುರಿ, ಚಿಟಿಕೆ ಏಲಕ್ಕಿ, ಬಾಳೆಲೆಯಲ್ಲಿ ಮಡಚಿ ಹಬೆಯಲ್ಲಿ ಬೇಯಿಸಿ ಮೇಲೆ ತುಪ್ಪ. ಬಿತ್ತಿದ್ದು ಆರೇ ಬೀಜ, ಐದು ಡಬ್ಬಿಯಲ್ಲೇ ಉಳಿದವು. ನಾಲ್ಕು ಮೊಳೆತವು. ಅಕ್ಕಪಕ್ಕದವರು ಸೌತೆ ಹಾಕಿಲ್ಲ ತಾನೇ ಎಂದು ಕಾಂಪೌಂಡಿನಾಚೆ ಇಣುಕಿಯೂ ನೋಡಿದೆ!

ಬುಡದ ಹತ್ತಿರದ ದಪ್ಪ ಕಾಯಿಯೊಂದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಅದು ಬಳ್ಳಿಯಲ್ಲೇ ಹಣ್ಣಾಗಿ ಬಣ್ಣ ತಿರುಗಬೇಕು. ಆಮೇಲೆ ಬೀಜವನ್ನು ಲೋಳೆಯ ಸಮೇತ ಒಂದೆರಡು ದಿನ ನೀರಲ್ಲಿ ಬಿಟ್ಟು, ತೊಳೆದು, ತಳಕ್ಕಿಳಿದವನ್ನು ಮಾತ್ರ ನೆರಳಿನಲ್ಲಿ ಒಣಗಿಸಬೇಕು.

ಮೊನ್ನೆ ನೋಡಿದರೆ ಇನ್ನೊಂದು ಕಾಯಿಗೂ ದಾರ. "ಒಂದನ್ನೇ ನಂಬೋದು ಬೇಡ ಅಂತ ಕಟ್ಟಿದೆ, ಅತ್ತೆ," ಅಂದಳು ಸೊಸೆ. ಗೌರಿಹಬ್ಬದ ಕೋಸಂಬರಿಗೆ ಈ ಸಲ ಮಾರುಕಟ್ಟೆಯ ಸೌತೆಯನ್ನೇ ತರಬೇಕು.