ಮೈಯೊಳಗಿನ ಕೀಲೆಣ್ಣೆ

ನಮ್ಮ ಮನೆಯ ಎತ್ತಿನ ಗಾಡಿಯ ಅಚ್ಚಿನ ಬಳಿ ಒಂದು ಬಿದಿರಿನ ಗೊಟ್ಟ ಸದಾ ತೂಗಾಡುತ್ತಿತ್ತು. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡಿದ ಕೀಲೆಣ್ಣೆ ಅದರಲ್ಲಿರುತ್ತಿತ್ತು. ಅದು ತೀರಿದ ದಿನ ಗಾಡಿಯ ಕಿರುಗುಟ್ಟುವಿಕೆ ಊರಿಗೆಲ್ಲ ಕೇಳಿಸುತ್ತಿತ್ತು. ಅರುವತ್ತು ದಾಟಿದ ಮೇಲೆ ಆ ಗೊಟ್ಟವನ್ನು ನನಗೆ ನೆನಪಿಸಿದ್ದು ಒಂದು ತುತ್ತು ಅನ್ನ.

ಒಂದು ಮಳೆಗಾಲದಲ್ಲಿ ಪಾಚಿಗಟ್ಟಿದ ಹಿತ್ತಿಲ ಮೆಟ್ಟಿಲಿನ ಮೇಲೆ ಜಾರಿ ಬಿದ್ದೆ. ಬಲ ಮೊಣಕೈಯ ಬಳಿ ಮೂಳೆ ಮುರಿಯಿತು. ಆರು ವಾರ ಕೈ ಪ್ಲಾಸ್ಟರಿನೊಳಗಿತ್ತು. ಅದನ್ನು ಬಿಚ್ಚಿದ ದಿನ ಸಂತೋಷದಿಂದ ಎಲೆಯ ಮುಂದೆ ಕುಳಿತೆ. ಅನ್ನ ಕಲಸಿದೆ, ತುತ್ತು ಎತ್ತಿದೆ, ಅದು ಬಾಯಿಗೆ ಒಂದು ಗೇಣು ದೂರದಲ್ಲೇ ನಿಂತುಬಿಟ್ಟಿತು. ಕೈ ಅದಕ್ಕಿಂತ ಮುಂದೆ ಮಡಿಸಲೊಲ್ಲದು. ಐದು ವರ್ಷದ ಮೊಮ್ಮಗಳು "ಆ ಮಾಡು, ತಾತ" ಎಂದು ತುತ್ತಿಟ್ಟಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ರಾತ್ರಿ ಮಾತ್ರ ನನಗೆ ನಿದ್ದೆ ಹತ್ತಲಿಲ್ಲ.

ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುತ್ತಿದ್ದ ತರುಣಿ ಒಂದು ಕಿತ್ತಳೆಯನ್ನು ಬಿಡಿಸಿ ತೋರಿಸಿದಳು. "ನೋಡಿ ಮೇಷ್ಟ್ರೇ, ತೊಳೆಗೆ ಈ ತೆಳು ಪೊರೆ ಇದೆಯಲ್ಲ, ಸ್ನಾಯುಗಳಿಗೂ ಹಾಗೆಯೇ ಹೊದಿಕೆಯಿದೆ. ಪದರಗಳ ನಡುವೆ ಜಾರುವ ದ್ರವವಿದೆ. ಅಲುಗಾಡದೆ ಇದ್ದರೆ ಅದು ಮಂದವಾಗಿ ಅಂಟಿಕೊಳ್ಳುತ್ತದೆ. ನಿಮ್ಮ ಕೀಲೂ ಬಿಗಿದಿದೆ, ಪದರಗಳೂ ಬಿಗಿದಿವೆ."

ಆ ದ್ರವದ ಮುಖ್ಯ ವಸ್ತುವಿನ ಹೆಸರು ಹಯಲುರಾನಿಕ್ ಆಮ್ಲ. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬುವರು ಅದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನೊಳಗಿನ ದ್ರವದಿಂದ. ಗ್ರೀಕಿನಲ್ಲಿ ಗಾಜನ್ನು ಹೇಳುವ ಪದವೇ ಹೆಸರಿನ ಮೊದಲರ್ಧ. ಭಾಷೆ ಕಲಿಸಿದವನಿಗೆ ಇಂಥ ವಿವರ ಔಷಧಕ್ಕಿಂತ ಹಿತ! ಎಪ್ಪತ್ತು ಕಿಲೋ ತೂಕದ ದೇಹದಲ್ಲಿ ಅದು ಇರುವುದು ಸುಮಾರು 15 ಗ್ರಾಂ ಮಾತ್ರ. ಅದರಲ್ಲಿ ಮೂರನೆಯ ಒಂದು ಭಾಗದಷ್ಟು ದಿನವೂ ಕರಗಿ ಹೊಸದಾಗುತ್ತದೆ. ಸ್ನಾಯುಹೊದಿಕೆಯಲ್ಲಿ ಅದನ್ನು ತಯಾರಿಸುವ ವಿಶೇಷ ಜೀವಕೋಶಗಳನ್ನು ಇಟಲಿಯ ಪಾದುವಾದ ಕಾರ್ಲಾ ಸ್ಟೆಕ್ಕೊ ಮತ್ತು ಸಂಗಡಿಗರು 2018ರಲ್ಲಷ್ಟೇ ವರ್ಣಿಸಿದರು. ನೀರನ್ನು ಹಿಡಿದಿಟ್ಟುಕೊಳ್ಳುವುದು ಈ ವಸ್ತುವಿನ ಗುಣ. ಚಲನೆಯಿದ್ದಾಗ ಅದು ತೆಳುವಾಗಿ ಸರಾಗವಾಗುತ್ತದೆ, ನಿಶ್ಚಲವಾದಾಗ ಗಟ್ಟಿಯಾಗುತ್ತದೆ. ಮೈನೋವುಗಳಿಗೆಲ್ಲ ಇದೊಂದೇ ಕಾರಣವೆನ್ನಲಾಗದು. ಆದರೆ ಬೆಳಗ್ಗೆ ಏಳುವಾಗಿನ ಬಿಗಿತ ನಾಲ್ಕು ಹೆಜ್ಜೆ ನಡೆದಾಗ ಸಡಿಲುವುದರಲ್ಲಿ ಇದರ ಪಾತ್ರವೂ ಉಂಟೆಂದು ಬಲ್ಲವರು ಹೇಳುತ್ತಾರೆ.

"ಹಾಗಾದರೆ ಎಳ್ಳೆಣ್ಣೆ ತಿಕ್ಕಲೇನಮ್ಮಾ?" ಎಂದೆ. ಅವಳು ನಕ್ಕಳು. ಚರ್ಮಕ್ಕೆ ಹಚ್ಚಿದ ಎಣ್ಣೆ ಆ ಪದರಗಳಿಗೆ ಇಳಿಯದಂತೆ; ತಿಕ್ಕುವ ಕೈಯ ಒತ್ತಡ, ಬಿಸಿನೀರಿನ ಶಾಖ ಇವು ನೆರವಾಗಬಹುದಂತೆ. ಗೊಟ್ಟದಿಂದ ಎಣ್ಣೆ ಹಾಕಿಸಿಕೊಂಡು ಓಡುವುದು ಗಾಡಿ. ಈ ಗಾಡಿಯಲ್ಲಾದರೋ ಎಣ್ಣೆ ಸಡಿಲವಾಗಬೇಕಾದರೆ ಗಾಡಿಯೇ ಓಡಬೇಕು!

ದಿನಕ್ಕೆ ನಾಲ್ಕು ಬಾರಿ ಬಿಸಿ ಬಟ್ಟೆಯ ಶಾಖ ಕೊಟ್ಟು, ಅವಳು ಹೇಳಿದಷ್ಟೇ ಕೈಯನ್ನು ಮೆಲ್ಲನೆ ಮಡಿಸಿ ಬಿಚ್ಚಿದೆ. ಕೆಲವು ದಿನ ಕಣ್ಣಲ್ಲಿ ನೀರೂ ಬಂದಿತು. ಒಂದು ಗೇಣು ನಾಲ್ಕು ಬೆರಳಾಯಿತು, ನಾಲ್ಕು ಎರಡಾಯಿತು. ದೀಪಾವಳಿಗೆ ಇನ್ನೂ ವಾರವಿರುವಾಗ ಮೊಸರನ್ನದ ತುತ್ತು ತಾನಾಗಿ ಬಾಯಿ ಸೇರಿತು.

ಮೊಮ್ಮಗಳು ಮಾತ್ರ ಮುಖ ಊದಿಸಿಕೊಂಡು, "ನಾಳೆಯಿಂದ ನಾನು ಯಾರಿಗೆ ತಿನ್ನಿಸಲಿ?" ಎಂದಳು.