ತೋರುಬೆರಳು

ಎರಡು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ. ಕೆಲವರು ಮೇಲ್ ಮಾಡಿ ವಿಚಾರಿಸಿದ್ರಿ, ಥ್ಯಾಂಕ್ಸ್. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ... ಇದ್ದ ಒಂದೇ ವಿಷಯವನ್ನ ಹೇಗೆ ಬರೀಬೇಕು ಅಂತ ತೋಚ್ತಿರಲಿಲ್ಲ.

ನಮ್ಮ ಪುಟ್ಟನಿಗೆ ಈಗ ಎರಡು ವರ್ಷ ಎರಡು ತಿಂಗಳು. ಮಾತು ಬಂದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಲ್ಲ, ಆದರೆ ಅಡುಗೆಮನೆಯಲ್ಲಿ ಬಿಸ್ಕೆಟ್ ಪ್ಯಾಕೆಟ್ ಹರಿದ ಸದ್ದಾದರೆ ಹಾಲಿನಿಂದ ಓಡಿ ಬರ್ತಾನೆ. ಫ್ಯಾನ್ ತಿರುಗೋದನ್ನ ನೋಡ್ತಾ ಅರ್ಧ ಗಂಟೆ ಮಲಗಿರ್ತಾನೆ.

"ಗಂಡುಹುಡುಗ್ರಿಗೆ ಮಾತು ತಡ ಕಣಮ್ಮ, ಇವರಪ್ಪನೂ ಮೂರು ವರ್ಷ ತುಂಬೋವರೆಗೂ ಬಾಯಿ ಬಿಟ್ಟಿರ್ಲಿಲ್ಲ" ಅಂತಾರೆ ಅತ್ತೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದೂ ಆಯ್ತು. ಊರಿನಲ್ಲಿ ತೋರಿಸಿದ ಡಾಕ್ಟರು "ಮೊಬೈಲ್ ಕೊಡಬೇಡಿ, ಮೂರು ವರ್ಷ ಆಗಲಿ ನೋಡೋಣ" ಅಂತ ಟಾನಿಕ್ ಬರೆದುಕೊಟ್ರು. ನಮ್ಮನೇಲಿ ಪುಟ್ಟನ ಕೈಗೆ ಮೊಬೈಲ್ ಸಿಗೋದೇ ಇಲ್ಲ!

ಮೈಸೂರಲ್ಲಿರೋ ಅಕ್ಕ ಬಲವಂತ ಮಾಡಿದ್ದರಿಂದ ಅಲ್ಲಿ ಇನ್ನೊಬ್ಬ ಡಾಕ್ಟರ ಹತ್ರ ಹೋದ್ವಿ. ಅವರು ಒಂದು ಹಾಳೆ ಕೊಟ್ರು. 'ಎಂ-ಚಾಟ್' ಅಂತ ಅದರ ಹೆಸರು. 16ರಿಂದ 30 ತಿಂಗಳ ಮಕ್ಕಳಿಗೆ, 20 ಪ್ರಶ್ನೆ, ಹೌದು ಅಥವಾ ಇಲ್ಲ ಅಂತ ಉತ್ತರ. ಅಂಕ 2ರ ಒಳಗಿದ್ದರೆ ಚಿಂತೆ ಕಡಿಮೆ. 3ರಿಂದ 7 ಬಂದರೆ ಇನ್ನಷ್ಟು ವಿವರ ಕೇಳ್ತಾರೆ. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಡಮಾಡದೆ ಪೂರ್ತಿ ತಪಾಸಣೆಗೆ ಕಳಿಸ್ತಾರೆ. ನಮಗೆ ಬಂದದ್ದು 9. "ಇದು ಜರಡಿ ಅಷ್ಟೇ ಅಮ್ಮಾ, ಇದರಲ್ಲೇ ಆಟಿಸಂ ಅಂತ ಹೇಳೋಕಾಗಲ್ಲ" ಅಂದ್ರು.

ನನ್ನ ಪೆನ್ನು ನಿಂತದ್ದು ಬೆರಳಿನ ಪ್ರಶ್ನೆಗಳಲ್ಲಿ. ಏನಾದರೂ ಬೇಕಾದಾಗ ಬೆರಳು ಮಾಡಿ ಕೇಳ್ತಾನಾ? ಏನಾದರೂ ಚೆನ್ನಾಗಿರೋದು ಕಂಡರೆ ಬೆರಳು ಮಾಡಿ ತೋರಿಸ್ತಾನಾ? ಎರಡೂ ಒಂದೇ ಅಲ್ವಾ ಅಂದೆ. ಅಲ್ಲವಂತೆ. ಡಬ್ಬಿ ಕಡೆ ಬೆರಳು ಮಾಡೋ ಮಗುವಿಗೆ ಬಿಸ್ಕೆಟ್ ಬೇಕು. ಆಕಾಶದಲ್ಲಿ ವಿಮಾನ ತೋರಿಸಿ, ಅಮ್ಮ ನೋಡಿದ್ಲಾ ಅಂತ ಅಮ್ಮನ ಮುಖ ನೋಡೋ ಮಗುವಿಗೆ ಏನೂ ಬೇಡ. ತಾನು ಕಂಡದ್ದನ್ನ ಅಮ್ಮನೂ ಕಾಣಲಿ, ಅಷ್ಟೇ.

ಪುಟ್ಟ ಎರಡನ್ನೂ ಮಾಡಲ್ಲ. ಬಿಸ್ಕೆಟ್ ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ನನ್ನ ಕೈಯನ್ನ ಡಬ್ಬಿ ಮೇಲೆ ಇಡ್ತಾನೆ. ನನ್ನ ಮುಖ ನೋಡಲ್ಲ. ಚಂದಮಾಮನ್ನ ತೋರಿಸಿ ಅನ್ನ ತಿನ್ನಿಸೋಕೆ ಹೋದರೆ ನನ್ನ ಬೆರಳಿನ ತುದಿ ನೋಡ್ತಾನೆ, ಚಂದಮಾಮನ್ನ ಅಲ್ಲ. ಎರಡೂ ಪ್ರಶ್ನೆಗೆ 'ಇಲ್ಲ' ಅಂತ ಗುರುತು ಹಾಕೋಕೆ ಬಹಳ ಹೊತ್ತು ಬೇಕಾಯ್ತು.

ಮೊದಲು ಕಿವಿ ಪರೀಕ್ಷೆ ಆಗಬೇಕು ಅಂದ್ರು. ಮಾನಸಗಂಗೋತ್ರಿಯಲ್ಲಿರೋ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಗೊತ್ತಲ್ಲ, ನಮ್ಮ ಕಡೆಯವರ ಬಾಯಲ್ಲಿ 'ಸ್ಪೀಚ್ ಅಂಡ್ ಹಿಯರಿಂಗ್'. ಅಲ್ಲೇ ಮಾಡಿಸಿದ್ವಿ. 'ಬೆರಾ' ಅನ್ನೋ ಪರೀಕ್ಷೆ, ಮಲಗಿರೋ ಮಗುವಿನ ತಲೆಗೆ ವೈರು ಅಂಟಿಸಿ, ಕಿವಿಗೆ ಸದ್ದು ಕೊಟ್ಟು ನೋಡ್ತಾರೆ. ಕಿವಿ ಸರಿಯಾಗಿದೆ ಅಂತ ಬಂತು. ಹೊರಗೆ ಮರದ ಕೆಳಗೆ ನಮ್ಮವರು ನಿಧಾನಕ್ಕೆ ಅಂದ್ರು, "ಕಿವಿದೇ ತೊಂದರೆ ಆಗಿದ್ರೆ ಮಿಷನ್ ಹಾಕಿಸಬಹುದಿತ್ತು ಕಣೇ." ನಾನೂ ಅದನ್ನೇ ಯೋಚಿಸ್ತಿದ್ದೆ.

ಈಗ ಪೂರ್ತಿ ತಪಾಸಣೆಗೆ ದಿನ ಸಿಕ್ಕಿದೆ, ಇನ್ನು ಮೂರು ವಾರ. ಆಟಿಸಂ ಇದೆಯೋ ಇಲ್ಲವೋ ಹೇಳೋಕೆ ರಕ್ತಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ. ಮಗುವಿನ ಜೊತೆ ಆಡಿ ನೋಡ್ತಾರೆ, ಹುಟ್ಟಿದಾಗಿನಿಂದ ಏನೇನಾಯ್ತು ಅಂತ ನಮ್ಮನ್ನ ಕೇಳ್ತಾರೆ.

ಮಾವನಿಗೆ ಇದು ಇಷ್ಟವಿಲ್ಲ. "ಕಾಗದದಲ್ಲಿ ಹೆಸರು ಬರೆಸಿಕೊಂಡು ಬಂದ್ರೆ ನಾಳೆ ಯಾವ ಸ್ಕೂಲಲ್ಲಿ ಸೇರಿಸ್ಕೋತಾರೆ?" ಅಂತಾರೆ. ಅವರ ಭಯ ಸುಳ್ಳಲ್ಲ. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿದೆ ಅಂತ ನಾನು ಹೇಳಿದೆ. ಕಾಯ್ದೆ ಬೇರೆ, ಸ್ಕೂಲಿನ ಗೇಟ್ ಬೇರೆ ಅಂದ್ರು. ಆದರೆ ಕಾಗದ ಇಲ್ಲದೆಯೂ ಹೆಸರುಗಳು ಬರ್ತಾನೇ ಇವೆಯಲ್ಲ... ಹಠಮಾರಿ, ಮೊಂಡ. ಮದುವೆ ಮನೆಯೊಂದರಲ್ಲಿ "ತಾಯಿ ಮಾತಾಡಿಸಿದ್ರೆ ತಾನೇ ಮಗು ಮಾತಾಡೋದು" ಅಂತ ನನಗೂ ಒಂದು ಸಿಕ್ತು. ಇದೇನು ಹೊಸದಲ್ಲ. ಒಂದು ಕಾಲಕ್ಕೆ ಅಮೆರಿಕದ ದೊಡ್ಡ ದೊಡ್ಡ ತಜ್ಞರೇ ತಾಯಿಯ ಪ್ರೀತಿ ಸಾಲದ್ದಕ್ಕೆ ಆಟಿಸಂ ಬರುತ್ತೆ ಅಂತಿದ್ರು. ಬರ್ನಾರ್ಡ್ ರಿಮ್‌ಲ್ಯಾಂಡ್ ಅನ್ನೋ ಮನಶ್ಶಾಸ್ತ್ರಜ್ಞ, ಅವರ ಮಗನಿಗೂ ಆಟಿಸಂ ಇತ್ತು, 1964ರಲ್ಲಿ ಪುಸ್ತಕ ಬರೆದು ಅದನ್ನ ಅಲ್ಲಗಳೆದ್ರು. ನಮ್ಮ ಮದುವೆ ಮನೆಗಳಿಗೆ ಸುದ್ದಿ ಇನ್ನೂ ಮುಟ್ಟಿಲ್ಲ :-)

ಮೂರು ವಾರ ಸುಮ್ಮನೆ ಕೂರಬೇಕಿಲ್ಲವಂತೆ. ಬಿಸ್ಕೆಟನ್ನ ನನ್ನ ಕಣ್ಣಿನ ಹತ್ರ ಹಿಡಿದು, ಅವನ ಎತ್ತರಕ್ಕೆ ಕೂತು, ಅವನು ನೋಡೋವರೆಗೆ ಕಾಯಬೇಕು. ಹೆಸರು ಏನೇ ಬರಲಿ, ಇದನ್ನ ಇವತ್ತೇ ಶುರು ಮಾಡಬಹುದು ಅಂದ್ರು ಸ್ಪೀಚ್ ಥೆರಪಿಸ್ಟ್. ಮೊನ್ನೆ ಒಂದು ಸಲ ನೋಡಿದ. ಒಂದೇ ಸಲ.

ಆಟಿಸಂಗೆ ಕನ್ನಡದಲ್ಲಿ 'ಸ್ವಲೀನತೆ' ಅಂತಾರೆ. ತನ್ನಲ್ಲೇ ಲೀನ. ನನಗೇಕೋ ಒಪ್ಪಿಗೆಯಾಗ್ತಿಲ್ಲ. ಪುಟ್ಟ ಲೀನವಾಗೋದು ಫ್ಯಾನಿನಲ್ಲಿ, ನಲ್ಲಿ ನೀರಿನಲ್ಲಿ, ಕಿಟಕಿ ಬೆಳಕಿನಲ್ಲಿ. ಪಕ್ಕದ ಮನೆ ಅಜ್ಜಿ "ಆಟಿಸಂ ಅಂದ್ರೆ ಆಟ ಜಾಸ್ತಿ ಆಡೋದಾ?" ಅಂತ ಕೇಳಿದ್ರು, ಅದೇ ವಾಸಿ ಅನ್ನಿಸ್ತು!

ಕನ್ನಡದಲ್ಲಿ ಪದ ಕಟ್ಟೋರು ನಮ್ಮಲ್ಲಿ ಬಹಳ ಜನ ಇದ್ದೀರಿ, ಒಳ್ಳೇದೊಂದು ಹೊಳೆದರೆ ತಿಳಿಸಿ. ಈ ದಾರಿಯಲ್ಲಿ ಮೊದಲೇ ನಡೆದವರಿದ್ದರೆ ದಯವಿಟ್ಟು ಬರೆಯಿರಿ. "ಎಲ್ಲ ಸರಿಹೋಗುತ್ತೆ ಬಿಡಿ" ಅನ್ನೋದೊಂದು ಬೇಡ, ಅದು ಮನೇಲಿ ಬೇಕಾದಷ್ಟಿದೆ.